ಬಿಲಿಯಸ್ ಅಂದರೆ ಸಿಡುಕಿಯಂತೆ

ಏಪ್ರಿಲ್ ೧೪, ಸೋಮವಾರ

ಪುಟ್ಟಿ,

ಹೇಗಿದ್ದೀಯ? ಅಳಿಯಂದಿರು ಹುಷಾರಾಗಿದ್ದಾರಾ? ಮಗುವಿಗೆ ಹಲ್ಲು ಬಂತಾ? ಇಷ್ಟು ದಿನ ಬರೆಯಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಹೊಟ್ಟೆಯ ಹೊಲಿಗೆ ಬಿಚ್ಚುವ ತನಕ ನೆಟ್ಟಗೆ ಕೂರಲಾಗುತ್ತಿರಲಿಲ್ಲ. ಊರವರ ಬಟ್ಟೆಗೆಲ್ಲ ಹೊಲಿಗೆ ಹಾಕಿದವಳಿಗೆ ಕೊನೆಗೆ ಡಾಕ್ಟರೇ ಹಾಕಿದರು ನೋಡು. ಆಪರೇಷನ್ ಆಯಿತು ಅನ್ನುವುದಷ್ಟೇ ನಿನಗೆ ಗೊತ್ತು. ಅದರ ಹಿಂದಿನದ್ದನ್ನು ಫೋನಿನಲ್ಲಿ ಹೇಳಹೊರಟರೆ ನಿಮ್ಮಪ್ಪ ಮಧ್ಯೆ ಬಾಯಿ ಹಾಕುತ್ತಾರೆ.

ಊಟ ಮಾಡಿದರೆ ಸಾಕು, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದ ಹಾಗೆ ನೋವು. ಆಮೇಲೆ ಹಳದಿ ವಾಂತಿ, ಬಾಯೆಲ್ಲ ಕಹಿ. ನಿಮ್ಮಪ್ಪನಿಗೆ ಹೇಳಿದರೆ, "ಪಿತ್ತ ನೆತ್ತಿಗೇರಿದೆ, ಸ್ವಲ್ಪ ಕೋಪ ಕಡಿಮೆ ಮಾಡ್ಕೋ" ಅಂದರು. ಹಠ ಹಿಡಿದು ಡಾಕ್ಟರ ಹತ್ತಿರ ಹೊರಡಿಸಿದೆ. ಇವರು ಇಂಗ್ಲಿಷ್ ಮೇಷ್ಟ್ರು ಅಂತ ಗೊತ್ತಾದದ್ದೇ ತಡ, ಆ ಡಾಕ್ಟರು ನನ್ನ ಹೊಟ್ಟೆಯ ವಿಷಯವನ್ನು ಇವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಮಂಚದ ಮೇಲೆ ಮಲಗಿ ಇಬ್ಬರ ಬಾಯಿ ನೋಡುತ್ತಿದ್ದೆ.

ಹೊರಗೆ ಬಂದು "ಏನಂತೆ?" ಅಂದೆ.

"ನಿಂಗೆ ಬಿಲಿಯಸ್ ಅಂತೆ. ಹಾಗಂದ್ರೆ ಸಿಡುಕಿ!"

"ಸ್ಕ್ಯಾನ್ ಅಂದಂಗಾಯ್ತು?"

"ಅದು ಎಲ್ರಿಗೂ ಹೇಳ್ತಾರೆ, ಬಿಡು."

ಮನೆಗೆ ಬಂದವರೇ ದಪ್ಪ ನಿಘಂಟು ಬಿಚ್ಚಿ ಪಾಠ ಶುರು ಮಾಡಿದರು. ಕಾಲರಿಕ್ ಅಂದರೆ ಮುಂಗೋಪಿ, ಬಿಲಿಯಸ್ ಹಾಗೆ ಅದೂ ಪಿತ್ತದಿಂದಲೇ ಹುಟ್ಟಿದ ಪದವಂತೆ. ಮೆಲಂಕಲಿ ಅಂದರೆ ಕರಿ ಪಿತ್ತ, ಮನಸ್ಸಿಗೆ ಮಂಕು ಕವಿಸುವುದು. ಗಾಲ್ ಅಂದರೆ ಪಿತ್ತವೂ ಹೌದು, ಭಂಡತನವೂ ಹೌದು. ಎಲ್ಲದರಲ್ಲೂ ಕೆಟ್ಟದ್ದನ್ನೇ ಕಾಣುವವರಿಗೆ ಕಾಮಾಲೆಯ ಹೆಸರಿನದೇ ಒಂದು ಪದ, ಜಾಂಡಿಸ್ಡ್.

"ಇಷ್ಟು ಪದದಲ್ಲಿ ಒಂದಕ್ಕಾದ್ರೂ ನೋವು ಅನ್ನೋ ಅರ್ಥ ಇಲ್ವಾ?" ಅಂದೆ.

"ನೋಡು, ಮತ್ತೆ ಸಿಡುಕಿದೆ" ಅಂದರು! ಮೈಯೆಲ್ಲ ಉರಿದುಹೋಯಿತು, ಪುಟ್ಟಿ. ಸಿಟ್ಟಿನವಳು ಅಂತ ಹೆಸರಿಟ್ಟುಬಿಟ್ಟರೆ ಅವಳಿಗೆ ರೋಗವೇ ಬರಬಾರದಾ?

ಮರುವಾರ ಅಂಗಡಿಯಲ್ಲಿ ಹೊಲಿಗೆ ಮಿಷನ್ ಮೇಲೇ ಕುಸಿದೆ. ಅಳತೆ ಕೊಡಲು ಬಂದಿದ್ದ ನರ್ಸಮ್ಮ ನನ್ನ ರೆಪ್ಪೆ ಬಿಡಿಸಿ, "ಅಯ್ಯೋ, ಕಣ್ಣೆಲ್ಲ ಹಳದಿ!" ಅಂತ ಕೂಗಿ, ತನ್ನ ಆಸ್ಪತ್ರೆಗೇ ಸಾಗಿಸಿದಳು. ಪಿತ್ತಕೋಶದ ತುಂಬ ಕಲ್ಲು. ಒಂದು ಜಾರಿ ನಾಳದಲ್ಲಿ ಸಿಕ್ಕಿಕೊಂಡಿತ್ತು. ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತು ಅಂದರು ಆಪರೇಷನ್ ಮಾಡಿದ ಡಾಕ್ಟರಮ್ಮ. ನಿಮ್ಮಪ್ಪನ ಎದುರೇ ಕೇಳಿದೆ, "ಸಿಟ್ಟಿನಿಂದ ಕಲ್ಲಾಗುತ್ತಾ ಡಾಕ್ಟ್ರೇ?"

"ಕಲ್ಲು ಇಟ್ಕೊಂಡು ಓಡಾಡಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತಮ್ಮ" ಅಂದರು. ನಿಮ್ಮಪ್ಪ ಸೂರು ನೋಡಿದರು.

ಈಗ ಅಡುಗೆ ಅವರದೇ. ಉಪ್ಪು ಹೆಚ್ಚಾದರೆ ಬೈದುಕೊಂಡೇ ತಿನ್ನುತ್ತೇನೆ. ನಿನ್ನೆ ತಟ್ಟೆ ಎತ್ತುತ್ತಾ, "ತಪ್ಪಾಯ್ತು ಕಣೆ" ಅಂದರು. "ಕನ್ನಡದಲ್ಲಿ ಹೇಳಿದ್ರಿ, ಅರ್ಥ ಆಯ್ತು" ಅಂದೆ.

ಮಗುವಿಗೆ ನನ್ನ ಮುತ್ತು. ನೀವಿಬ್ಬರೂ ತಣ್ಣಗೆ ಬಾಳಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲೋ ಬೇಡವೋ ಅಂತಿದ್ದೆ. ನಿಘಂಟು ಬಿಚ್ಚಿದ ದಿನವೇ ಅಪ್ಪ ನಿನಗೆ ಫೋನ್ ಮಾಡಿ ಆ ಪದದ ಅರ್ಥ ಹೇಳಿದರಲ್ಲ, ಆಗ ಸ್ಪೀಕರ್ ಹಾಕಿದ್ದರು. ಪಕ್ಕದಲ್ಲೇ ಇದ್ದೆ. ನೀನು ಜೋರಾಗಿ ನಕ್ಕು, "ಅಮ್ಮ ಯಾವಾಗ್ಲೂ ಸಿಡುಕೀನೇ ಅಲ್ವಾ!" ಅಂದೆ. ನೋವು ಎಲ್ಲಿ ಅಂತ ನೀನೂ ಕೇಳಲಿಲ್ಲ. ಅಪ್ಪನ ಜೊತೆಯೇನೋ ನಾನು ಜಗಳವಾಡಿ ಮುಗಿಸಿದೆ. ನಿನ್ನ ಮೇಲೆ ಸಿಟ್ಟು ಬರಲಿ ಅಂತ ಕಾಯುತ್ತಿದ್ದೇನೆ, ಬರುತ್ತಲೇ ಇಲ್ಲ. ಅಳು ಬರುತ್ತದೆ.