ರೋಗ ಕಂಡಾಗ ಬನ್ನಿ ಎಂದವರಿಗೆ

ಹೊರದೇಶದ ಔಷಧ ತರಿಸಲು ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ನನಗೆ ಮದುವೆಯಾಯಿತು, ನನ್ನ ಗಂಡನ ರಕ್ತದಲ್ಲಿ ಈಗ ಕ್ಯಾನ್ಸರ್ ಕಣಗಳು ಕಾಣುತ್ತಿಲ್ಲ, ಮತ್ತು ಕಾಣುತ್ತಿಲ್ಲ ಎಂಬ ಕಾರಣಕ್ಕೇ ನೀವು ಅವರ ಔಷಧವನ್ನು ತಡೆದಿದ್ದೀರಿ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ್ದಕ್ಕೆ ಕ್ಷಮಿಸಿ. ಹಾಲಿನವನಿಗೆ, ಬಸ್ ಕಂಡಕ್ಟರಿಗೆ, ಎದುರು ಸಿಕ್ಕ ಅಪರಿಚಿತರಿಗೆಲ್ಲ ಮೊದಲೆರಡು ಸುದ್ದಿ ಹೇಳಿಕೊಂಡು ತಿರುಗುತ್ತಿದ್ದೇನೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು ನೀವೊಬ್ಬರೇ.

ಇವರದು (‘ಇವರು’ ಎನ್ನಲು ಇನ್ನೂ ನಗು ಬರುತ್ತದೆ) ಬಸ್ ನಿಲ್ದಾಣದ ಹಿಂದೆ ಎರಡು ಕುರ್ಚಿಯ ಸಲೂನ್. ಮದುವೆ ಗೊತ್ತಾದ ಮೇಲೆ ಒಂದು ದಿನ ಹಲ್ಲುಜ್ಜುವಾಗ ಒಸಡಿನಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಪರೀಕ್ಷೆ ಮಾಡಿಸಿದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಮೂಳೆಯ ಮಜ್ಜೆಯಲ್ಲಿ ಹುಟ್ಟಿ ದಡದಡನೆ ಬೆಳೆಯುವ ರಕ್ತದ ಕ್ಯಾನ್ಸರ್. ಚಿಕಿತ್ಸೆಗೆ ತಲೆಗೂದಲೆಲ್ಲ ಉದುರಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ನಾವು ಸಹಿ ಹಾಕುವಾಗ ಸಲೂನಿನ ಹಳೆಯ ಗಿರಾಕಿಯೊಬ್ಬರು ಇವರ ತಲೆ ಸವರಿ, “ಏನಪ್ಪಾ, ಇಷ್ಟು ನೈಸಾಗಿ ನನಗೆ ಒಂದಿನನಾದ್ರೂ ಮಾಡಿದ್ಯಾ?” ಎಂದರು. ಮದುವೆಯ ಫೋಟೋದಲ್ಲಿ ನಾವಿಬ್ಬರೂ ಬಾಯಿ ತುಂಬ ನಗುತ್ತಿರುವುದು ಅದಕ್ಕೇ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಇವರ ಕ್ಯಾನ್ಸರ್ ಕಣಗಳ ಮೈಮೇಲೆ ಒಂದು ಗುರುತಿನ ಪ್ರೋಟೀನ್ ಇದೆ. ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಒಂದಿಷ್ಟು ವಿಷ ಕಟ್ಟಿ ರಕ್ತಕ್ಕೆ ಬಿಡುತ್ತಾರೆ, ಅದೇ ಆ ಔಷಧ. ಕಣ ಅದನ್ನು ಒಳಗೆಳೆದುಕೊಂಡು ಸಾಯುತ್ತದೆ. ಇದೇನು ಮಂತ್ರದಂಡವಲ್ಲ, ಲಿವರ್‌ಗೆ ಪೆಟ್ಟು ಬೀಳಬಹುದು, ಫಲದ ಖಾತ್ರಿ ಇಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೂ ಇವರ ಬಗೆಯ ಕಾಯಿಲೆಗೆ ಕೀಮೋ ಜೊತೆ ಇದನ್ನೂ ಕೊಟ್ಟರೆ ರೋಗ ಮರಳುವ ಭಯ ಕಡಿಮೆಯಂತೆ. ಇದು ನಮ್ಮಲ್ಲಿ ಮಾರಾಟಕ್ಕಿಲ್ಲ. ಚಿಕಿತ್ಸೆಯ ಪ್ರತಿ ಸುತ್ತಿಗೂ ಹೊರಗಿನಿಂದ ಬರಬೇಕು, ಪ್ರತಿ ಸುತ್ತಿಗೂ ನಿಮ್ಮ ಅನುಮತಿ ಬೇಕು. ಮೊದಲ ಸುತ್ತಿಗೆ ಕೊಟ್ಟಿರಿ, ಉಪಕಾರವಾಯಿತು. ಎರಡನೆಯದಕ್ಕೆ, ಹೊಸದಾಗಿ ತೆಗೆದ ರಕ್ತದ ಮಾದರಿಯಲ್ಲಿ ಆ ಗುರುತಿನ ಕ್ಯಾನ್ಸರ್ ಕಣಗಳನ್ನು ತೋರಿಸಿ ಎಂದಿರಿ.

ಎಲ್ಲಿಂದ ತರೋಣ? ಅವನ್ನು ಕೊಲ್ಲಲೆಂದೇ ಅಲ್ಲವೇ ಮೊದಲ ಸುತ್ತು ಕೊಟ್ಟದ್ದು?

ಇದನ್ನೇ ಕೇಳಲು ಅತ್ತೆಯ ಜೊತೆ ನಿಮ್ಮ ಕೋಣೆಗೆ ಬಂದಿದ್ದೆ. ನೀವು ವರದಿಯನ್ನು ಕನ್ನಡಕದ ಹತ್ತಿರ ಹಿಡಿದು, “ರೋಗ ಇಲ್ಲ ಅಂತ ಬರೆದಿದಾರಲ್ಲಮ್ಮ, ಖುಷಿ ಪಡಿ” ಎಂದಿರಿ.

“ಕಾಣ್ತಿಲ್ಲ ಅಂತ ಬರೆದಿದಾರೆ ಸರ್. ಪೂರ್ತಿ ಹೋಗಿದೆ ಅಂತಲ್ಲ.”

“ಹಾಗಾದ್ರೆ ಕಂಡಾಗ ಬನ್ನಿ.”

ಅತ್ತೆ, “ಏನು ಕಂಡಾಗ ಸ್ವಾಮಿ? ರೋಗ ಕಂಡಾಗಲೋ, ನನ್ನ ಮಗನ ಹೆಣ ಕಂಡಾಗಲೋ?” ಎಂದರು. ನೀವು ಗಂಟೆ ಒತ್ತಿ ಮುಂದಿನವರನ್ನು ಕರೆದಿರಿ. ಹೊರಗೆ ಮೆಟ್ಟಿಲ ಮೇಲೆ ಕುಳಿತು ಅತ್ತೆ ಕೇಳಿದರು, “ರೋಗ ವಾಪಸ್ ಬರ್ಲಿ ಅಂತ ನಾವೀಗ ಬೇಡ್ಕೋಬೇಕೇನೇ, ಹುಡುಗಿ?” ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ಉತ್ತರ ಹೊಳೆದರೆ ದಯವಿಟ್ಟು ತಿಳಿಸಿ.

ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನೂ ಕೇಳಿದ್ದೇನೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವರ ಕತೆ ಹೇಳಿ ನಗುತ್ತೇವೆ. ನೀವೋ ಬಾವಿ ತೋಡಲು ಹೊರಟವರನ್ನು ತಡೆದು ಬೆಂಕಿಯ ಫೋಟೋ ಕೇಳುತ್ತಿದ್ದೀರಿ. ವಿಷದ ಔಷಧ ಬೇಡದವರ ಮೈಗೆ ಹೋಗಬಾರದು ಎಂದು ನಿಯಮ ಮಾಡಿದವರು ಜಾಣರೇ. ರೋಗ ಪತ್ತೆಯಾದ ದಿನದ ಮಟ್ಟಿಗೆ ಅದು ಸರಿ. ಅದೇ ನಿಯಮವನ್ನು ಚಿಕಿತ್ಸೆಯ ನಡುವೆ ನಿಂತವನ ಮುಂದೆ ಹಿಡಿದರೆ ಏನಾಗುತ್ತದೆ? ಇವರನ್ನೇ ಕೇಳಿದೆ. “ಅರ್ಧ ತಲೆ ಬೋಳಿಸಿ ಕುರ್ಚಿಯಿಂದ ಎಬ್ಬಿಸಿ ಕಳಿಸಿದ ಹಾಗಾಯ್ತು ಕಣೇ” ಎಂದು ನಕ್ಕರು. ನಾನು ನಗಲಿಲ್ಲ. ಮರಳಿ ಬಂದ ರೋಗ ಮೊದಲ ಸಲದಷ್ಟು ಸುಲಭಕ್ಕೆ ಬಗ್ಗುವುದಿಲ್ಲ ಎಂದು ಡಾಕ್ಟರಮ್ಮ ನನ್ನೊಬ್ಬಳಿಗೇ ಹೇಳಿದ್ದರು. ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರ ಓದಿ ಇವರಿಗೂ ಗೊತ್ತಾಗುತ್ತದೆ. ಆಗಲಿ.

ನನ್ನ ಬೇಡಿಕೆ ಇಷ್ಟು. ರೋಗ ಪತ್ತೆಯಾದಾಗ ಗುರುತು ಕಂಡ ವರದಿಯೇ ಉಳಿದ ಸುತ್ತುಗಳಿಗೂ ಸಾಕು ಎಂದು ಆದೇಶ ಹೊರಡಿಸಿ. ಇವರೊಬ್ಬರಿಗಲ್ಲ, ಇವರಂಥ ಎಲ್ಲರಿಗೂ. ಇವರ ಮುಂದಿನ ಸುತ್ತು ಈ ತಿಂಗಳೊಳಗೆ ಆಗಬೇಕು, ಆದ್ದರಿಂದ ಆ ಅನುಮತಿಗೆ ಮೊದಲು ಸಹಿ ಹಾಕಿ. ಆಗದು ಎನ್ನುವುದಾದರೆ, ‘ರೋಗ ಮರಳುವವರೆಗೆ ಕಾಯತಕ್ಕದ್ದು’ ಎಂದು ನಿಮ್ಮ ಕೈಯಾರೆ ಬರೆದು, ಅದರ ಕೆಳಗೆ ಸಹಿ ಹಾಕಿ ಕೊಡಿ. ಎರಡರಲ್ಲಿ ಒಂದನ್ನು ಪಡೆಯದೆ ನಿಮ್ಮ ಕೋಣೆಯಿಂದ ನಾನು ಏಳುವವಳಲ್ಲ. ಬರುವ ಮಂಗಳವಾರ, ಬೆಳಗಿನ ಮೊದಲ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇನೆ.

ಇಂತಿ,
ಆರೋಗ್ಯವಂತನೆಂಬ ಆರೋಪ ಹೊತ್ತವನ ಹೊಸ ಹೆಂಡತಿ