ಅಮೃತಶಿಲೆಯ ಮೇಲಿನ ಆರನೇ ಬುಸೆಟ್ಟೊ

ಪೋರ್ತೊವೆಕ್ಯೊ
೧೪ ಮೇ ೧೯೮೯, ಭಾನುವಾರ

ಪ್ರೀತಿಯ ಫೆಲಿಚೆ ಅಣ್ಣನಿಗೆ,

ಹೇಗಿದ್ದೀಯ? ಕೆಮ್ಮು ಸ್ವಲ್ಪ ಹಿಡಿತಕ್ಕೆ ಬಂತೇ? ಏಪ್ರಿಲ್ ದಾಟಿದ ಮೇಲೆ ಎದೆ ಸಡಿಲವಾಗುತ್ತದೆ ಎಂದು ಹೋದ ವರ್ಷ ನೀನು ಬರೆದಿದ್ದೆ, ಈ ವರ್ಷವೂ ಹಾಗೇ ಆಗಿರಲಿ. ಜೋಸೆಟ್ ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ಅವರು ಕಳಿಸಿದ ಕಾಫಿ ಪುಡಿ ಬಂತು. ಅಷ್ಟು ದೂರದಿಂದ ಕಾಫಿ ಪುಡಿ ಕಳಿಸಬೇಡಿ, ಇಲ್ಲೂ ಸಿಗುತ್ತದೆ ಎಂದು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಅವರೂ ಮೂವತ್ತು ವರ್ಷದಿಂದ ಕಳಿಸುತ್ತಲೇ ಇದ್ದಾರೆ. ಒಳ್ಳೆಯ ಹೆಂಗಸು. ಇಲ್ಲಿ ನಾನು ಇದ್ದೇನೆ. ನಮ್ಮವರಿಗೆ ಕಿವಿ ಇನ್ನಷ್ಟು ಮಂದವಾಗಿದೆ. ನಾನು ಬೈದದ್ದು ಕೇಳಿಸುವುದಿಲ್ಲ, ಬೊಂಡಾಸ್ ಮೀನು ಹುರಿಯುವ ಸದ್ದು ಮಾತ್ರ ಮೂರು ಕೋಣೆ ಆಚೆಗೂ ಕೇಳಿಸುತ್ತದೆ.

ನಿನ್ನ ಪತ್ರ ಮಂಗಳವಾರ ಬಂತು. ಬಂತು ಎನ್ನುವುದಕ್ಕಿಂತ ಊರು ಸುತ್ತಿ ಬಂತು ಎನ್ನಬೇಕು. ಲಕೋಟೆಯ ಮೇಲೆ ಬರೀ ಎರ್ಮಿನಿಯಾ ಬುಸೆಟ್ಟೊ ಎಂದು ಬರೆದಿದ್ದೀಯ. ಅರ್ಧ ಊರೇ ಬುಸೆಟ್ಟೊ ಆಗಿರುವಾಗ ಅಂಚೆಯವನು ಏನು ಮಾಡಬೇಕು? ಮೊದಲು ಉಪ್ಪು ಬುಸೆಟ್ಟೊಗಳ ಮನೆಗೆ ಹೋಯಿತು, ಆಮೇಲೆ ಕುಂಟ ಬುಸೆಟ್ಟೊಗಳ ಮನೆಗೆ. ಕೊನೆಗೆ ಅಂಚೆಯವನು ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾ, ಬೂದಿ ಮನೇಲಿ ಹುಟ್ಟಿ ಏಡಿ ಮನೆ ಸೇರಿದ ಎರ್ಮಿನಿಯಾ ನೀವೇ ತಾನೇ? ನಿಮ್ಮಣ್ಣಂಗೆ ಅಡ್ಡಹೆಸರು ಬರಿಯೋಕೆ ಹೇಳಿ, ನನ್ನ ಕಾಲು ಬಿದ್ದೋಗುತ್ತೆ" ಎಂದ. ಮತದಾರರ ಪಟ್ಟಿಯಲ್ಲೂ ನಮ್ಮ ಅಡ್ಡಹೆಸರಿದೆ, ಗುರುತಿನ ಚೀಟಿಯಲ್ಲೂ ಇದೆ. ನೀನು ಬೆಲ್ಜಿಯಂಗೆ ಹೋದ ಮೇಲೆ ಬೂದಿಯನ್ನು ಕೊಡವಿಕೊಂಡುಬಿಟ್ಟೆ. ಅಲ್ಲಿ ನೀನೊಬ್ಬನೇ ಬುಸೆಟ್ಟೊ, ಅಲ್ಲಿ ಅದು ನಡೆಯುತ್ತದೆ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಚರ್ಚಿನವರು ಹೊರದೇಶದಲ್ಲಿರುವವರಿಗೆ ಕಳಿಸುವ ಪತ್ರಿಕೆಯಲ್ಲಿ ಪಟ್ಟಿ ನೋಡಿದೆಯಂತೆ. ಊರಿನ ಕಚೇರಿಯ ಗೋಡೆಗೆ ಹೆಸರಾಂತ ಬುಸೆಟ್ಟೊಗಳ ಅಮೃತಶಿಲೆಯ ಫಲಕ, ಅದರಲ್ಲಿ ಆರನೇ ಸಾಲು: ಫೆಲಿಚೆ ಬುಸೆಟ್ಟೊ, ೧೯೫೩ರ ಬಿರುಗಾಳಿಯಲ್ಲಿ ಏಳು ಜೀವ ಉಳಿಸಿದವನು. ಅದನ್ನು ಓದಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ ಎಂದು ಬರೆದಿದ್ದೀಯ. ಜೂನ್ ಹನ್ನೊಂದಕ್ಕೆ ಫಲಕ ತೆರೆಯುವ ದಿನ ಇಲ್ಲಿರುತ್ತೇನೆ, ಕಪ್ಪು ಕೋಟು ಹೊಲಿಸಿದ್ದೇನೆ, ಅಪ್ಪನ ಸಮಾಧಿಗೆ ಹೋಗಿ ಈಗ ಏನಂತೀಯ ಎಂದು ಕೇಳುತ್ತೇನೆ ಎಂದೆಲ್ಲ ಬರೆದಿದ್ದೀಯ. ಅಣ್ಣ, ಬರಬೇಡ. ಮಿಲಾನಿನಲ್ಲಿ ರೈಲು ಬದಲಿಸಬೇಕು, ಮೆಟ್ಟಿಲು ಹತ್ತಬೇಕು, ಜೂನ್ ಬಿಸಿಲಿಗೆ ಹಿನ್ನೀರು ನಾರುತ್ತದೆ, ನಿನ್ನ ಎದೆಗೆ ಅದು ಒಳ್ಳೆಯದಲ್ಲ. ಇದನ್ನೆಲ್ಲ ಬರೆದು ಲಕೋಟೆ ಅಂಟಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ಕೋಟು ಹೊಲಿಸಿದವನು ಅಷ್ಟಕ್ಕೆ ನಿಲ್ಲುವುದಿಲ್ಲ. ಹೇಳಿಬಿಡುತ್ತೇನೆ. ಆ ಕಲ್ಲಿನ ಮೇಲಿರುವ ಫೆಲಿಚೆ ನೀನಲ್ಲ. ಅವನು ಗಂಟೆ ಫೆಲಿಚೆ.

ಇದು ಹೇಗಾಯಿತು ಎಂದು ಕೇಳುತ್ತೀಯ. ಈ ಊರಿನ ಸಂತನ ಹೆಸರು ಪ್ರತಿ ಮನೆಯಲ್ಲೂ ಒಬ್ಬನಿಗಿದೆ, ಅಡ್ಡಹೆಸರು ಕಿತ್ತರೆ ಐವತ್ತು ಫೆಲಿಚೆ ಬುಸೆಟ್ಟೊಗಳು ಒಬ್ಬನೇ ಆಗಿಬಿಡುತ್ತಾರೆ. ಕಿತ್ತದ್ದೂ ಅದನ್ನೇ. ಜನವರಿಯಲ್ಲಿ ಫಲಕದ ಬಗ್ಗೆ ಊರಿನ ಸಭೆ ಸೇರಿತ್ತು. ಗಂಟೆ ಫೆಲಿಚೆಯ ಮಗ ದಾನಿಲೊ ಈಗ ಉಪಮೇಯರ್, ಟೈ ಕಟ್ಟುತ್ತಾನೆ. ಅವನು ಎದ್ದು ನಿಂತು, "ಅಮೃತಶಿಲೆ ಮೇಲೆ ಏಡಿ, ಉಪ್ಪು, ಕುಂಟ ಅಂತೆಲ್ಲ ಕೆತ್ತಿಸಿದ್ರೆ ವೆನಿಸ್‌ನಿಂದ ಬಂದೋರು ನಗಲ್ವೇನ್ರೀ? ಹೆಸರು, ಮನೆತನ, ಅಷ್ಟೇ ಸಾಕು" ಎಂದ. ನಮ್ಮವರು ಹಿಂದಿನ ಬೆಂಚಿನಿಂದ, "ನಿಮ್ಮಪ್ಪಂಗೆ ನಾಚ್ಕೆ ಆಗದಿದ್ದದ್ದು ನಿಂಗ್ಯಾಕಪ್ಪ ಆಗ್ಬೇಕು? ಚರ್ಚಿನ ಗಂಟೆ ಹೊಡ್ದೇ ಅಲ್ವಾ ನಿಮ್ಮಜ್ಜ ಮಕ್ಕಳನ್ನ ಸಾಕಿದ್ದು" ಎಂದು ಕೂಗಿದರು. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ದಾನಿಲೊ ಹೇಳಿದ್ದಕ್ಕೇ ಕೈ ಎತ್ತಿದರು. ನಮ್ಮ ಊರು ಯಾವಾಗಲೂ ಹೀಗೆಯೇ.

ಪಟ್ಟಿಯಲ್ಲಿ ಒಂಬತ್ತು ಜನ. ಮೊದಲನೆಯವರು ಬಿಷಪ್. ಅವರು ಇಲ್ಲಿ ಹುಟ್ಟಿದ್ದು ನಿಜ, ನಲವತ್ತು ದಿನದ ಕೂಸಾಗಿದ್ದಾಗಲೇ ತಾಯಿ ಎತ್ತಿಕೊಂಡು ಹೋದವಳು ಮತ್ತೆ ಈ ಕಡೆ ತಲೆ ಹಾಕಿ ಮಲಗಲಿಲ್ಲ. ಎರಡನೆಯವರು ನೌಕಾದಳದ ವೈದ್ಯರು, ಹಡಗು ಹತ್ತಿದರೆ ವಾಂತಿ ಮಾಡುತ್ತಿದ್ದರೆಂದು ಅವರ ಸೋದರಸೊಸೆಯೇ ಹೇಳುತ್ತಾಳೆ. ಒಬ್ಬ ಗಾಯಕ, ನಾಯಕನ ಪಾತ್ರ ಎಂದೂ ಸಿಕ್ಕಿದ್ದಿಲ್ಲ, ಬಾಗಿಲು ತೆರೆದು ರಾಜ ಬಂದನೆಂದು ಹಾಡುವ ಪಾತ್ರ. ಪಾದುವಾದಲ್ಲಿ ಹಾವುಮೀನಿನ ಮೇಲೆ ಪುಸ್ತಕ ಬರೆದ ಪ್ರೊಫೆಸರು, ಆ ಮೀನಿನ ಬಗ್ಗೆ ಅವರಿಗೆ ಹೇಳಿಕೊಟ್ಟವನು ನಮ್ಮ ಅಜ್ಜ, ಅಜ್ಜನ ಹೆಸರು ಪುಸ್ತಕದಲ್ಲೂ ಇಲ್ಲ, ಕಲ್ಲಿನಲ್ಲೂ ಇಲ್ಲ. ಒಬ್ಬ ಗೋಲ್‌ಕೀಪರ್, ದೊಡ್ಡ ತಂಡದಲ್ಲಿ ಮೂರು ಪಂದ್ಯ ಆಡಿದ, ಹನ್ನೊಂದು ಗೋಲು ಬಿಟ್ಟ. ಉಳಿದವರೂ ಇಂಥವರೇ. ಹೆಂಗಸರು ಒಬ್ಬರೂ ಇಲ್ಲ. ಬುಸೆಟ್ಟೊ ಹೆಂಗಸರಿಗೆ ಪ್ರಸಿದ್ಧರಾಗಲು ಪುರುಸೊತ್ತು ಸಿಕ್ಕಲಿಲ್ಲವೆಂದು ಕಾಣುತ್ತದೆ. ಈ ಸಾಲಿನಲ್ಲಿ ನಿಜವಾಗಿ ಏನಾದರೂ ಮಾಡಿದವನು ಒಬ್ಬನೇ, ಆರನೆಯವನು, ಅದಕ್ಕೂ ತಪ್ಪು ಮನುಷ್ಯ.

ಗಂಟೆ ಫೆಲಿಚೆಯನ್ನು ನೀನು ನೋಡದೆ ಎಷ್ಟು ಕಾಲವಾಯಿತು. ಈಗ ದಪ್ಪಗಾಗಿದ್ದಾನೆ, ಕೈಯಲ್ಲೊಂದು ಬೆಳ್ಳಿ ಹಿಡಿಯ ಕೋಲು. ಆ ಬಿರುಗಾಳಿಯ ದಿನ ಅವನು ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಹಗ್ಗ ಹಿಡಿದಿದ್ದ, ಅದು ಸುಳ್ಳಲ್ಲ. ಮೊದಲ ಕೆಲವು ವರ್ಷ ಬಾರಿನಲ್ಲಿ ಕೂತು ಹಗ್ಗ ಹಿಡಿದ ಕಥೆಯನ್ನೇ ಹೇಳುತ್ತಿದ್ದ. ನೀನು ಊರಲ್ಲಿಲ್ಲ, ಅಪ್ಪ ಹಾಸಿಗೆಯಲ್ಲಿ, ಕೇಳುವವರು ಯಾರು? ಅಪ್ಪ ಸತ್ತ ವರ್ಷ ಅವನ ಒಂದು ಕಾಲು ದೋಣಿಯೊಳಗೆ ಬಂತು. ಮಗ ಚುನಾವಣೆಗೆ ನಿಲ್ಲುವ ಹೊತ್ತಿಗೆ ಎರಡು ಕಾಲೂ ಒಳಗೆ ಬಂದು, ಹುಟ್ಟೂ ಅವನ ಕೈಗೇ ಬಂತು. ಒಮ್ಮೆ ನಾನು ಹಾಲು ತರಲು ಹೋದಾಗ ಬಾರಿನ ಕಿಟಕಿಯಿಂದಲೇ ಕೇಳಿಸಿಕೊಂಡೆ. "ಅಲೆ ಅಂದ್ರೆ ಅಲೆ ಕಣ್ರೋ, ಚರ್ಚಿನಷ್ಟೆತ್ತರ. ನಾನಂದೆ, ಸಾಯೋದಾದ್ರೆ ಮನುಷ್ಯರ ಥರ ಸಾಯೋಣ ಅಂತ" ಎನ್ನುತ್ತಿದ್ದ. ನನ್ನನ್ನು ನೋಡಿದ. ಕಣ್ಣು ಕೆಳಗೆ ಹಾಕುತ್ತಾನೆ ಎಂದುಕೊಂಡೆ, ಹಾಕಲಿಲ್ಲ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿದೆ. ನಾನು ಹಾಲು ತೆಗೆದುಕೊಂಡು ಮನೆಗೆ ಬಂದೆ.

ನನಗೆ ಆ ಬೆಳಿಗ್ಗೆ ಚೆನ್ನಾಗಿ ನೆನಪಿದೆ. ಫೆಬ್ರವರಿ, ಈಶಾನ್ಯದ ಗಾಳಿ, ಊರಿನ ಗಂಡಸರೆಲ್ಲ ಕಾಲುವೆಯಲ್ಲಿ ತಮ್ಮ ತಮ್ಮ ದೋಣಿ ಬಿಗಿಯುತ್ತಿದ್ದರು. ಅಳಿವೆಯ ಬಾಯಲ್ಲಿ ಆ ಮರಳು ಸಾಗಿಸುವ ನಾವೆ ಲಂಗರು ಕಡಿದುಕೊಂಡು ಸುತ್ತುತ್ತಿತ್ತು, ಅದರ ಮೇಲೆ ಏಳು ಜನ, ಒಬ್ಬರೂ ನಮ್ಮ ಊರಿನವರಲ್ಲ. ಧಕ್ಕೆಯ ಮೇಲೆ ನಾವು ಹತ್ತು ಹನ್ನೆರಡು ಜನ ಇದ್ದೆವು. ನೀನು ಯಾರನ್ನೂ ಕೇಳಲಿಲ್ಲ. ಅಪ್ಪನ ದೋಣಿ ಬಿಚ್ಚಿದೆ, ಹೋದೆ. ಮೊದಲ ಸಲ ನಾಲ್ವರನ್ನು ತಂದೆ, ಎರಡನೇ ಸಲ ಮೂವರನ್ನು. ವಾಪಸು ಬರುವಾಗ ದೋಣಿ ಅಲೆತಡೆಯ ಕಲ್ಲುಗಳಿಗೆ ಬಡಿದು ಹೋಳಾಯಿತು, ನೀನು ಅವರನ್ನು ಒಬ್ಬೊಬ್ಬರನ್ನಾಗಿ ಕಲ್ಲಿನ ಮೇಲಕ್ಕೆ ತಳ್ಳಿದೆ. ಅಪ್ಪ ಓಡಿ ಬಂದರು. ನಿನ್ನ ಹಣೆಯಿಂದ ರಕ್ತ ಸುರಿಯುತ್ತಿತ್ತು, ಅವರು ಅದನ್ನು ನೋಡಲಿಲ್ಲ. "ಏಳು ಜನರನ್ನ ತಂದೆ. ಎಂಟನೇದು ನಮ್ಮ ಮನೆ, ಅದನ್ನ ಅಲ್ಲೇ ಬಿಟ್ಟು ಬಂದೆ" ಎಂದರು. ಆಮೇಲೆ ನಿನ್ನ ಜೊತೆ ಮಾತೇ ಆಡಲಿಲ್ಲ. ಎಂಟು ತಿಂಗಳು ಒಂದೇ ಮೇಜಿನಲ್ಲಿ ಊಟ, ಉಪ್ಪು ಬೇಕಾದರೂ ನನ್ನ ಕೈಲಿ ಕೇಳಿಸುತ್ತಿದ್ದರು. ಅಕ್ಟೋಬರಿನಲ್ಲಿ ಬೆಲ್ಜಿಯಂನ ಗಣಿಗೆ ಜನ ಬೇಕೆಂಬ ಚೀಟಿ ಅಂಟಿಸಿದರು, ನೀನು ಹೋದೆ.

ನೀನು ಹೋದದ್ದು ತಪ್ಪೆಂದು ನಾನು ಯಾವತ್ತೂ ಬರೆದಿಲ್ಲ. ಆದರೆ ಹೋದ ಮೇಲೆ ಇಲ್ಲಿ ಏನಾಯಿತು ಎಂದು ನೀನೂ ಕೇಳಿದವನಲ್ಲ. ಓರೆಸ್ತೆ ನನ್ನನ್ನು ಮದುವೆಯಾಗಿ ಅಪ್ಪನ ದೋಣಿಯಲ್ಲಿ ಪಾಲುದಾರನಾಗುವವನಿದ್ದ. ದೋಣಿ ಹೋದ ಮೇಲೆ ಅವನಮ್ಮ ಬಂದು, ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ನಮ್ಮ ಹುಡುಗಂದೂ ವಯಸ್ಸು ಹೋಗುತ್ತೆ ಕಣಮ್ಮ" ಎಂದು ಹೇಳಿ ಹೋದರು. ಮರುವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಹತ್ತು ವರ್ಷ. ಬಲಗೈ ಆಡುತ್ತಿರಲಿಲ್ಲ, ಎಡಗೈಯಲ್ಲಿ ಹೊಡೆಯುವಷ್ಟು ಶಕ್ತಿ ಮಾತ್ರ ಉಳಿದಿತ್ತು. ಅವರನ್ನು ಮಣ್ಣು ಮಾಡಿದಾಗ ನನಗೆ ಮೂವತ್ತಮೂರು. ಹೆಂಡತಿ ಸತ್ತು ಎರಡು ಮಕ್ಕಳಿದ್ದ ಏಡಿ ಪ್ರೀಮೊ ಕೇಳಿದರು, ಹೂಂ ಎಂದೆ. ಬುಸೆಟ್ಟೊ ಮಗಳು ಬುಸೆಟ್ಟೊ ಸೊಸೆಯಾದಳು, ಬದಲಾದದ್ದು ಬೂದಿ ಹೋಗಿ ಏಡಿ ಬಂದದ್ದಷ್ಟೇ. ಒಳ್ಳೆಯ ಮನುಷ್ಯ, ದೂರುವುದಕ್ಕಿಲ್ಲ. ಆದರೆ ನನ್ನದು ಎನ್ನುವ ಮಗು ಆಗಲಿಲ್ಲ.

ಇರಲಿ, ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಎಲ್ಲರ ಜೀವನಚರಿತ್ರೆ ಬರೆಯುವ ಕೆಲಸ ಇನೆಸ್ ಟೀಚರ್‌ಗೆ ಕೊಟ್ಟಿದ್ದಾರೆ. ಕಲ್ಲಿನ ಮೇಲೆ ಅಡ್ಡಹೆಸರು ಇಲ್ಲದಿದ್ದರೂ ತೆರೆಯುವ ದಿನ ಅವರು ಓದುವ ಭಾಷಣದಲ್ಲಿ ಇರುತ್ತದೆ, ಅವರು ಬರೆಯುತ್ತಿರುವ ಪುಸ್ತಕದಲ್ಲೂ ಇರುತ್ತದೆ. ಅವರು ನಿಯತ್ತಿನ ಹೆಂಗಸು, ದಾನಿಲೊ ಹೇಳಿದ್ದನ್ನು ಹಾಗೇ ಬರೆದುಕೊಳ್ಳಲಿಲ್ಲ, ಆ ದಿನ ಧಕ್ಕೆಯಲ್ಲಿದ್ದವರೊಬ್ಬರನ್ನು ಕೇಳಿ ಖಚಿತ ಮಾಡಿಕೊಂಡರು. ಆ ಏಳು ಜನರಲ್ಲಿ ಕೊನೆಯವನೂ ಮೂರು ವರ್ಷದ ಹಿಂದೆ ಹೋದನಂತೆ. ಹಾಗಾಗಿ ಅದು ಮುಗಿದ ಮಾತು. ಜೂನ್ ಹನ್ನೊಂದಕ್ಕೆ ನೀನು ಕಪ್ಪು ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರೆ, ವೇದಿಕೆಯ ಮೇಲೆ ಅವನು ಕೋಲೂರಿಕೊಂಡು ಎದ್ದು ನಿಲ್ಲುತ್ತಾನೆ, ಊರೆಲ್ಲ ಚಪ್ಪಾಳೆ ತಟ್ಟುತ್ತದೆ, ನಿನ್ನ ಪಕ್ಕದವನು ನೀವ್ಯಾರು ಎಂದು ಕೇಳುತ್ತಾನೆ. ಅದನ್ನು ನೀನು ನೋಡಬಾರದು. ಬೆಲ್ಜಿಯಂನಲ್ಲಿ ನಿನ್ನನ್ನು ಮುಸಿಯೂ ಬುಸೆಟ್ಟೊ ಎಂದು ಮರ್ಯಾದೆಯಿಂದ ಕರೆಯುತ್ತಾರೆ, ಗಣಿಯಲ್ಲಿ ನಿನ್ನ ಜೊತೆ ಕೆಲಸ ಮಾಡಿದವರು ನೀನು ಎಂಥವನೆಂದು ಬಲ್ಲರು. ಕೋಟನ್ನು ಮೊಮ್ಮಗಳ ಮದುವೆಗೆ ಎತ್ತಿಡು.

ಜೋಸೆಟ್ ಅತ್ತಿಗೆಗೆ ನನ್ನ ಪ್ರೀತಿ ತಿಳಿಸು. ಮಕ್ಕಳಿಗೆ, ಮೊಮ್ಮಕ್ಕಳಿಗೆ ಮುತ್ತು. ನಮ್ಮವರು ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದ್ದಾರೆ. ಸ್ವರ್ಗದಲ್ಲಿರುವ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ, ಮಾತೆ ಮರಿಯಾ ನಿನ್ನ ಎದೆಯನ್ನು ಕಾಯಲಿ.

ನಿನ್ನ ತಂಗಿ,
ಎರ್ಮಿನಿಯಾ

ಮರೆತ ಮಾತು: ಸೋಮವಾರ ಬೆಳಿಗ್ಗೆ. ನಮ್ಮವರು ಅಂಚೆ ಕಚೇರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದೇನಲ್ಲ, ಬರೆಯಲು ಆಗಲಿಲ್ಲ. ಇನೆಸ್ ಟೀಚರ್ ಕೇಳಿದ್ದು ನನ್ನನ್ನೇ. ನಮ್ಮ ಅಡುಗೆಮನೆಗೆ ಬಂದು, "ಎರ್ಮಿನಿಯಾ, ದೋಣೀಲಿ ಇದ್ದೋನು ನಿಮ್ಮಣ್ಣ ಅಂತ ನಂಗೆ ಅನ್ಸುತ್ತೆ. ನೀವು ಹೂಂ ಅನ್ನಿ ಸಾಕು, ದಾನಿಲೊನ ನಾನು ನೋಡ್ಕೋತೀನಿ" ಎಂದರು. ನಾನು "ಅಲ್ಲ, ಗಂಟೆ ಫೆಲಿಚೆ" ಎಂದೆ. ಅವರು ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲವೂ ಅದನ್ನೇ ಹೇಳಿದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ನಿನ್ನ ಹೆಸರು ಕಲ್ಲಿನ ಮೇಲೆ ಬಂದಿದ್ದರೆ ಊರೆಲ್ಲ ನನ್ನನ್ನು ಅವನ ತಂಗಿ, ಅವನ ತಂಗಿ ಎಂದು ಕೈ ಕುಲುಕುತ್ತಿತ್ತು, ಅದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ನೀನು ಏಳು ಜನರನ್ನು ಉಳಿಸಿದೆ, ನನ್ನನ್ನು ಅಪ್ಪನ ಹತ್ತಿರ ಬಿಟ್ಟು ಹೋದೆ. ರೈಲು, ಬಿಸಿಲು, ನಿನ್ನ ಎದೆ, ಎಲ್ಲ ನೆಪ. ನೀನು ಎದುರಿಗೆ ಬಂದು ಕೂತು ಯಾರು ಹೇಳಿದ್ದು ಎಂದು ಕೇಳಿದರೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರಬೇಡ ಎಂದದ್ದು.