ತುಕ್ಕಾನಟ್ಟಿಯ ಫೈನಲ್

ಮಾಲಿಂಗ,

ನೀನು ಓದುವುದಿಲ್ಲ, ಆದರೂ ಮೊದಲು ನಿನಗೇ ಹೇಳಬೇಕು. ಇವತ್ತು ನಾವು ಗೆದ್ದೆವು! ನೀನು ಕೋಚ್ ಆಗಿದ್ದ ಗೋಕಾಕದ ತಂಡವನ್ನೇ ನಮ್ಮ ಮೂಡಲಗಿ ಹುಡುಗರು ಫುಟ್‌ಬಾಲ್ ಫೈನಲ್‌ನಲ್ಲಿ ಸೋಲಿಸಿದರು.

ಗೋಕಾಕದ ಕಾಲೇಜುಗಳಷ್ಟೇ ಆಡುತ್ತಿದ್ದ ಲೀಗಿಗೆ ಮೂಡಲಗಿ, ಹುಕ್ಕೇರಿಯನ್ನೂ ಸೇರಿಸೋಣ ಎಂದು ನಾನು ಹೇಳಿದಾಗ ನೀನು ನಕ್ಕಿದ್ದೆ. "ಅಲ್ಲಿ ಗ್ರೌಂಡ್ ಎಲ್ಲೈತೋ ವಿಶಾಲ? ಕುರಿ ಮೇಯಾಕಷ್ಟ ಚಲೋ ಐತಿ" ಎಂದಿದ್ದೆ. ಅಂದಿಗೆ ನಮ್ಮಿಬ್ಬರ ಮಾತು ನಿಂತಿತು. ಹೋದ ಶ್ರಾವಣದಲ್ಲಿ ನೀನೇ ತೀರಿಹೋದೆ.

ಖರೆ ಹೇಳಲೇ? ನಮ್ಮನ್ನು ಕಾಪಾಡಿದ್ದೇ ಕುರಿಗಳು. ಫೈನಲ್ ನಮ್ಮ ಮೂಡಲಗಿ ಹತ್ತಿರದ ತುಕ್ಕಾನಟ್ಟಿಗೆ ಬಂದಾಗ ಮೈದಾನದಲ್ಲಿ ಮೊಣಕಾಲುದ್ದ ಹುಲ್ಲಿತ್ತು. ಕುರಿಗಾರ್ತಿ ಶೆಟ್ಟೆವ್ವ ತನ್ನ ಹಿಂಡನ್ನು ವಾರಪೂರ್ತಿ ಅಲ್ಲೇ ಮೇಯಿಸಿ, ರಾತ್ರಿಯೂ ಅಲ್ಲೇ ತರುಬಿ ನಿಲ್ಲಿಸಿದಳು. "ಹುಲ್ಲ ನಮ್ಮ ಕುರಿ ತಿಂತಾವ್ರಿ ಸರ್. ಹಿಕ್ಕಿ ಮಾತ್ರ ನಿಮ್ಮ ಹುಡುಗೂರು ಬಳದು ನಮ್ಮ ಹೊಲಕ್ಕ ಹಾಕಬೇಕು" ಎಂದು ಕರಾರು ಮಾಡಿದಳು. ನಮ್ಮ ಸ್ಟ್ರೈಕರ್ ಹಿಕ್ಕಿಯ ಚೀಲ ಹೊತ್ತ. ಸೆಮಿಫೈನಲ್ ಸೋತ ಹುಕ್ಕೇರಿಯವರು ಟೆಂಪೊ ಮಾಡಿಕೊಂಡು ಬಂದು ಸುಣ್ಣದ ಗೆರೆ ಎಳೆದರು. ಎಂಥಾ ಮೈದಾನ ಅಂತೀ! ಚೆಂಡು ಎಣ್ಣೆ ಹಚ್ಚಿದಂತೆ ಓಡಿತು. ಕಲ್ಲೋಳಿಯಿಂದಲೂ ಜನ ಬೈಕ್ ಹತ್ತಿ ಬಂದಿದ್ದರು.

ಪಂದ್ಯ ಮುಗಿದ ಮೇಲೆ ನೀನು ತಯಾರು ಮಾಡಿದ ಹುಡುಗರ ಕೈಕುಲುಕಲು ಹೋದೆ. ತಲೆ ತಗ್ಗಿಸಿ ಕೂತಿದ್ದ ಗೋಲ್‌ಕೀಪರ್ ನನ್ನನ್ನು ನೋಡಿ, "ಮಾಲಿಂಗ ಸರ್ ಇದ್ದಿದ್ರ ಇವತ್ತ ಎಲ್ಲಾರ್ನೂ ಹಿಡದ ಬೈತಿದ್ರು" ಎಂದ.

ಕಪ್ ಹಿಡಿದುಕೊಂಡು ನಾನೂ ಆ ಬೈಗುಳಕ್ಕೇ ಕಾಯುತ್ತಿದ್ದೆ.

ವಿಶಾಲ